ಗೇಟು ತೆಗೆಯುವ ಮುಂಚಿನ ಕೆಲಸ: ಕೊಪ್ಪಳ ಸೀಮೆಯ ಪಾರ್ಕೊಂದರಲ್ಲಿ ನನ್ನ ಅನುಭವ

ನಮ್ಮ ಪಾರ್ಕಿಗೆ ಎರಡನೇ ಸಲ ಬಂದವರು ಟಿಕೆಟ್ ಕೌಂಟರಿನಲ್ಲಿ ಮೊದಲು ಕೇಳುವುದು, ‘ಈ ಸಲ ಹೊಸದೇನು ಬಂದಿದೆ?’ ಅಂತ. ನಮ್ಮ ಸಾಹುಕಾರರೂ ಪ್ರತಿ ವರ್ಷ ನನ್ನನ್ನು ಅದನ್ನೇ ಕೇಳುತ್ತಾರೆ. ನಾನು ಕೊಡುವ ಉತ್ತರ ಅವರಿಗೆ ಅಷ್ಟಾಗಿ ಹಿಡಿಸುವುದಿಲ್ಲ. ಹೊಸ ಆಟ ಆಮೇಲೆ ತರೋಣ, ಮೊದಲು ನೆರಳು ಮಾಡೋಣ, ನೀರು ಸರಿ ಮಾಡೋಣ, ಇರುವ ಆಟಗಳ ಪಿನ್ನು, ಬುಶ್ಶು, ಬೇರಿಂಗು ಬದಲಿಸೋಣ ಅನ್ನುತ್ತೇನೆ. ನಮ್ಮಂಥ ಸಣ್ಣ ಊರಿನ ಪಾರ್ಕು ಉಳಿಯುವುದು ಇದರಿಂದಲೇ ಅನ್ನುವುದು ನನ್ನ ಗಟ್ಟಿ ನಂಬಿಕೆ.

ನಾನು ಐಟಿಐ ಫಿಟ್ಟರ್. ತೋರಣಗಲ್ಲು ಕಡೆ ಉಕ್ಕಿನ ಕೆಲಸದಲ್ಲಿ ಗುತ್ತಿಗೆ ಮೇಲೆ ಮೆಂಟೆನೆನ್ಸ್ ಮಾಡಿ, ಆಮೇಲೆ ಈ ಪಾರ್ಕಿಗೆ ಸೇರಿದೆ. ಅಲ್ಲಿ ಬೇರಿಂಗ್ ಹೋದರೆ ಉತ್ಪಾದನೆ ನಿಲ್ಲುತ್ತಿತ್ತು. ಇಲ್ಲಿ ಅದೇ ಬೇರಿಂಗ್ ಮೇಲೆ ಯಾರದೋ ಮಗು ಕೂತಿರುತ್ತದೆ. ಕೊಪ್ಪಳ ಮತ್ತು ಗಂಗಾವತಿ ನಡುವೆ ನಮ್ಮ ಪಾರ್ಕು. ಒಂದು ಜೈಂಟ್ ವೀಲ್, ಒಂದು ಕೊಲಂಬಸ್ (ತೂಗಾಡುವ ದೋಣಿ), ಡ್ಯಾಶಿಂಗ್ ಕಾರು, ಪುಟಾಣಿ ರೈಲು, ಚಿಕ್ಕ ಮಕ್ಕಳ ಆಟಗಳು, ನಾಲ್ಕು ನೀರಿನ ಸ್ಲೈಡು, ಒಂದು ಅಲೆಯ ಕೊಳ. ಕುಷ್ಟಗಿ, ಕಾರಟಗಿ, ಸಿಂಧನೂರು, ಕಂಪ್ಲಿ ಕಡೆಯಿಂದ ಜನ ಬರುತ್ತಾರೆ. 2005ರಲ್ಲಿ ಬಿಡದಿ ಹತ್ತಿರ ವಂಡರ್‌ಲಾ ಶುರುವಾದ ಮೇಲೆ ದುಡ್ಡಿದ್ದವರು ರಾತ್ರಿ ಬಸ್ಸು ಹತ್ತಿ ಅಲ್ಲಿಗೆ ಹೋಗಿ ಬರುತ್ತಾರೆ. ಆದರೆ ಮುಂಜಾನೆ ಹೊಲಕ್ಕೆ ನೀರು ಬಿಟ್ಟು, ಮಧ್ಯಾಹ್ನ ಮಕ್ಕಳನ್ನು ಕರೆದುಕೊಂಡು ಬಂದು, ಸಂಜೆ ಎಮ್ಮೆ ಹಿಂಡುವ ಹೊತ್ತಿಗೆ ಮನೆ ಸೇರಬೇಕಾದ ಜನಕ್ಕೆ ಇರುವುದು ನಾವೇ. ಅವರಿಗೆ ಕೊಡುವ ಆಟ ಸಣ್ಣದಿರಬಹುದು, ಕಳಪೆ ಆಗಬಾರದು.

ನಮ್ಮಲ್ಲಿ ಜನ ಬರುವ ಲೆಕ್ಕ ಕ್ಯಾಲೆಂಡರಿನ ಭಾನುವಾರಕ್ಕಿಂತ ಬೇರೆ. ಜನವರಿಯಲ್ಲಿ ಗವಿಮಠದ ಜಾತ್ರೆ. ಹುಣ್ಣಿಮೆ ದಿನ ಹುಲಿಗಿಗೆ ಬಂದವರು ದರ್ಶನ ಮುಗಿಸಿ ಇತ್ತ ಬರುತ್ತಾರೆ. ಡಿಸೆಂಬರಿನಲ್ಲಿ ಅಂಜನಾದ್ರಿಗೆ ಮಾಲೆ ಹಾಕಿಕೊಂಡು ಬಂದವರು, ಚಳಿಗಾಲದಲ್ಲಿ ಶಾಲಾ ಪ್ರವಾಸ, ಏಪ್ರಿಲ್–ಮೇ ಬಂದರೆ ರಜೆ. ಭತ್ತದ ದುಡ್ಡು ಕೈಗೆ ಬಂದ ವಾರ ಯಾವುದು ಅಂತ ನಮ್ಮ ಟಿಕೆಟ್ ಪುಸ್ತಕ ನೋಡಿದರೆ ಗೊತ್ತಾಗುತ್ತದೆ. ಇದನ್ನು ಯಾಕೆ ಹೇಳುತ್ತಿದ್ದೇನೆ ಅಂದರೆ, ರಿಪೇರಿ ಯಾವಾಗ ಮಾಡಬೇಕು ಅನ್ನುವುದು ಈ ಲೆಕ್ಕದ ಮೇಲೆ ನಿಂತಿದೆ. ಜೂನ್ ಕೊನೆಯಿಂದ ಸೆಪ್ಟೆಂಬರ್‌ವರೆಗೆ ನಮಗೆ ಬಿಡುವು. ಆಟ ಬಿಚ್ಚುವುದು, ತೊಳೆಯುವುದು, ಟೆಸ್ಟ್ ಮಾಡಿಸುವುದು ಎಲ್ಲ ಆಗಲೇ. ಆ ತಿಂಗಳುಗಳಲ್ಲಿ ಗೇಟಿನ ಗಲ್ಲಾ ಖಾಲಿ ಇರುತ್ತದೆ, ಖರ್ಚು ಮಾತ್ರ ಜಾಸ್ತಿ. ಅದಕ್ಕೇ ಬಹಳ ಕಡೆ ಈ ಕೆಲಸ ಮುಂದಕ್ಕೆ ಹೋಗುತ್ತದೆ. ಏಪ್ರಿಲ್‌ನಲ್ಲಿ ಬಂದ ದುಡ್ಡಿನಲ್ಲಿ ಮಳೆಗಾಲದ ರಿಪೇರಿಗೆ ಅಂತ ಬೇರೆ ಖಾತೆಯಲ್ಲಿ ಎತ್ತಿಡಿ ಅಂತ ಹಟ ಹಿಡಿದು ಮಾಡಿಸಿದ್ದೇನೆ. ಈಗ ಅದು ನಮ್ಮಲ್ಲಿ ರೂಢಿಯಾಗಿದೆ.

ದಿನದ ಕೆಲಸ ಮುಂಜಾನೆ ಕೊಲಂಬಸ್‌ನಿಂದ ಶುರು. ಆ ದೋಣಿ ನೋಡಿದವರಿಗೆ ಅದು ಹೇಗೆ ತೂಗುತ್ತದೆ ಅನ್ನುವುದು ಗೊತ್ತಿರುವುದಿಲ್ಲ. ದೋಣಿ ಮೇಲಿನ ಒಂದು ಶಾಫ್ಟಿಗೆ ನೇತಾಡುತ್ತಿರುತ್ತದೆ. ಕೆಳಗೆ ಮೋಟಾರಿಗೆ ಜೋಡಿಸಿದ ಒಂದು ರಬ್ಬರ್ ಟೈರು ಇದೆ. ದೋಣಿ ಬಂದಾಗ ಅದರ ಹೊಟ್ಟೆಗೆ ಒತ್ತಿ ಮುಂದಕ್ಕೆ ತಳ್ಳುತ್ತದೆ. ನಿಲ್ಲಿಸುವುದೂ ಅದೇ ಟೈರು. ಹಾಗಾಗಿ ಟೈರಿನ ಗಾಳಿ, ಸವೆತ ದಿನಾ ನೋಡಬೇಕು. ದೋಣಿಯ ತಳಕ್ಕೆ ಗ್ರೀಸಿನ ಒಂದು ಹನಿ ಬಿದ್ದಿದ್ದರೂ ಟೈರು ಜಾರುತ್ತದೆ, ಬ್ರೇಕ್ ಹಿಡಿಯುವುದಿಲ್ಲ. ಬಟ್ಟೆಯಲ್ಲಿ ಒರೆಸಿ, ಆ ಬಟ್ಟೆಯನ್ನು ಬೆಳಕಿಗೆ ಹಿಡಿದು ನೋಡುತ್ತೇನೆ. ಆಮೇಲೆ ಸೀಟಿನ ಮುಂದಿನ ಅಡ್ಡಪಟ್ಟಿ. ಒಂದೊಂದನ್ನೂ ಕೆಳಗೆ ಒತ್ತಿ, ಲಾಕ್ ಬಿದ್ದ ಸದ್ದು ಕೇಳಿ, ಎರಡೂ ಕೈಯಲ್ಲಿ ಮೇಲಕ್ಕೆ ಜಗ್ಗಬೇಕು. ಕಣ್ಣಲ್ಲಿ ನೋಡಿ ಸರಿ ಇದೆ ಅಂತ ಬರೆದರೆ ನಾನು ಒಪ್ಪುವುದಿಲ್ಲ, ಜಗ್ಗಿದವನೇ ಸಹಿ ಹಾಕಬೇಕು.

ಮುಖ್ಯವಾದ ಬೋಲ್ಟುಗಳ ಮೇಲೆ ಬಣ್ಣದ ಗೆರೆ ಎಳೆದಿದ್ದೇವೆ. ಬೋಲ್ಟಿನ ತಲೆಯಿಂದ ಪಕ್ಕದ ಪ್ಲೇಟಿನವರೆಗೆ ಒಂದೇ ನೇರ ಗೆರೆ. ಬೋಲ್ಟು ಕೂದಲೆಳೆಯಷ್ಟು ತಿರುಗಿದರೂ ಗೆರೆ ಮುರಿದು ಕಾಣುತ್ತದೆ. ಓದು ಬರಹ ಕಡಿಮೆ ಇರುವ ಹುಡುಗನೂ ದೂರದಿಂದಲೇ ಕಂಡುಹಿಡಿಯಬಹುದು. ಗೆರೆ ಮುರಿದಿದ್ದರೆ ಸುಮ್ನೆ ಪಾನಾ ಹಾಕಿ ಬಿಗಿ ಮಾಡುವಂತಿಲ್ಲ. ಯಾಕೆ ಸಡಿಲ ಆಯಿತು ಅಂತ ನೋಡಬೇಕು, ಎಷ್ಟು ಬಿಗಿ ಅಂತ ಅಳೆದು ತೋರಿಸುವ ಟಾರ್ಕ್ ರೆಂಚಿನಲ್ಲೇ ಬಿಗಿ ಮಾಡಬೇಕು. ಅತಿ ಬಿಗಿ ಮಾಡಿದರೂ ಬೋಲ್ಟು ಒಳಗೊಳಗೇ ಎಳೆದುಕೊಂಡು ಒಂದು ದಿನ ಪಟ್ಟನೆ ಹೋಗುತ್ತದೆ.

ಕಿವಿಯೂ ಬೇಕು. ಜೈಂಟ್ ವೀಲ್ ನಡೆಸುವ ಹುಡುಗ ಒಮ್ಮೆ ಬಂದು, ‘ಅಣ್ಣಾ, ಎಡಗಡೆ ಬೇರಿಂಗ್ ಯಾಕೋ ಅಳಾಕತ್ತೈತ್ರಿ’ ಅಂದ. ಹೋಗಿ ಒಂದು ಉದ್ದನೆಯ ಸ್ಕ್ರೂಡ್ರೈವರಿನ ತುದಿ ಬೇರಿಂಗ್ ಮನೆಗೆ ಒತ್ತಿ, ಹಿಡಿಗೆ ಕಿವಿ ಕೊಟ್ಟೆ. ಕರಕರ ಅನ್ನುತ್ತಿತ್ತು. ವೀಲ್ ನಿಲ್ಲಿಸಿ ಬಿಚ್ಚಿದರೆ ಗ್ರೀಸಿನ ಜೊತೆ ಕಪ್ಪು ದೂಳು ಕಲೆತು ಅರೆಯುವ ಪುಡಿಯಾಗಿತ್ತು. ನಮ್ಮ ಸೀಮೆಯಲ್ಲಿ ಎರೆಮಣ್ಣಿನ ದೂಳು ಒಂದು ಕಡೆ, ಕಾರ್ಖಾನೆಗಳ ಮಸಿ ಇನ್ನೊಂದು ಕಡೆ. ತಯಾರಕರ ಪುಸ್ತಕದಲ್ಲಿ ಬರೆದಿರುವ ಗ್ರೀಸಿನ ಲೆಕ್ಕ ಇಲ್ಲಿಯ ಗಾಳಿಗೆ ಸಾಲದು. ಒಂದು ಸಲ ಗ್ರೀಸ್ ಹಾಕಿ ಮತ್ತೆ ಹಾಕುವ ನಡುವಿನ ಅವಧಿಯನ್ನು ನಾವು ಅರ್ಧಕ್ಕೆ ಇಳಿಸಿದ್ದೇವೆ. ಹಳೆ ಗ್ರೀಸ್ ಪೂರಾ ಹೊರಗೆ ಬಂದು ಹೊಸದರ ಬಣ್ಣ ಕಾಣುವವರೆಗೆ ಗನ್ ಒತ್ತುತ್ತೇವೆ. ಆ ಹುಡುಗನಿಗೆ ಸಾಹುಕಾರರ ಕೈಯಿಂದಲೇ ಬಹುಮಾನ ಕೊಡಿಸಿದೆ. ಹೇಳಿದರೆ ಬೈಗುಳ ಬರುತ್ತದೆ ಅನ್ನುವ ಜಾಗದಲ್ಲಿ ಯಾರೂ ತಪ್ಪು ತೋರಿಸುವುದಿಲ್ಲ, ಅಲ್ವಾ?

ವರ್ಷಕ್ಕೊಮ್ಮೆ ವೆಲ್ಡಿಂಗ್ ಜಾಗಗಳಿಗೆ ಡಿಪಿ (ಡೈ ಪೆನೆಟ್ರೆಂಟ್) ಟೆಸ್ಟ್ ಮಾಡಿಸುತ್ತೇವೆ. ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ಸಣ್ಣ ಪಾರ್ಕಿನವರಿಗೂ ಕೈಗೆಟುಕುವ ಟೆಸ್ಟ್ ಇದು. ವೆಲ್ಡಿಂಗ್ ಮೇಲಿನ ಬಣ್ಣ ಪೂರ್ತಿ ತೆಗೆದು, ಎಣ್ಣೆ ಜಿಡ್ಡು ಇಲ್ಲದಂತೆ ಒರೆಸುತ್ತಾರೆ. ಅದರ ಮೇಲೆ ಕೆಂಪು ದ್ರವ ಸಿಂಪಡಿಸಿ ಹತ್ತು ಹದಿನೈದು ನಿಮಿಷ ಬಿಡುತ್ತಾರೆ. ಕಣ್ಣಿಗೆ ಕಾಣದ ಬಿರುಕಿದ್ದರೆ ದ್ರವ ಅದರೊಳಗೆ ಇಳಿಯುತ್ತದೆ. ಮೇಲಿನದನ್ನು ಒರೆಸಿ, ಬಿಳಿ ಪುಡಿಯ ಸ್ಪ್ರೇ ಹೊಡೆದರೆ ಬಿರುಕಿನೊಳಗಿನ ಕೆಂಪು ಮೆಲ್ಲಗೆ ಮೇಲೆ ಬಂದು, ಬಿಳಿಯ ಮೇಲೆ ದಾರದಂಥ ಗೆರೆ ಮೂಡುತ್ತದೆ. ನಮ್ಮ ಕಡೆ ಇದನ್ನು ಹೊತ್ತು ಏರುವ ಮುಂಚೆಯೇ ಮಾಡಬೇಕು. ಮಧ್ಯಾಹ್ನದ ಬಿಸಿಲಿಗೆ ಕಾದ ಕಬ್ಬಿಣದ ಮೇಲೆ ದ್ರವ ಒಣಗಿಬಿಡುತ್ತದೆ, ಬಿರುಕು ಇದ್ದರೂ ತೋರುವುದಿಲ್ಲ. ಊರ ಹೊರಗಿನಿಂದ ಬಂದ ಟೆಸ್ಟಿನವರಿಗೆ ಇದನ್ನು ನಾವೇ ಹೇಳಬೇಕಾಗುತ್ತದೆ. ಆದರೆ ಮೇಲ್ಮೈಗೆ ಬಂದ ಬಿರುಕನ್ನು ಮಾತ್ರ ಇದು ತೋರಿಸುತ್ತದೆ. ದಪ್ಪ ಶಾಫ್ಟಿನ ಒಳಗೆ ಏನಾಗಿದೆ ಅಂತ ತಿಳಿಯಲು ಶಬ್ದದ ಅಲೆ ಹಾಯಿಸಿ ನೋಡುವ ಅಲ್ಟ್ರಾಸಾನಿಕ್ ಟೆಸ್ಟೇ ಬೇಕು.

ಪೈಪಿನ ಒಳಗಿನ ತುಕ್ಕು ಇನ್ನೊಂದು ದೊಡ್ಡ ಶತ್ರು. 2017ರ ಜುಲೈನಲ್ಲಿ ಅಮೆರಿಕದ ಓಹಾಯೋ ರಾಜ್ಯದ ಜಾತ್ರೆಯಲ್ಲಿ ಫೈರ್ ಬಾಲ್ ಅನ್ನುವ ಆಟ ತಿರುಗುತ್ತಿರುವಾಗಲೇ ಸೀಟುಗಳ ಒಂದು ಸಾಲು ಮುರಿದು ಬಿತ್ತು. ಒಬ್ಬ ಹುಡುಗ ಸತ್ತ. ಅದನ್ನು ತಯಾರಿಸಿದ ಕಂಪನಿ ಹೇಳಿದ್ದು, ತೊಲೆಯ ಒಳಗಡೆ ವರ್ಷಗಳಿಂದ ತುಕ್ಕು ತಿಂದು ದಪ್ಪ ಕಮ್ಮಿಯಾಗಿತ್ತು ಅಂತ. ಹೊರಗಡೆಯ ಬಣ್ಣ ನೋಡಿದರೆ ಇದು ತಿಳಿಯುವಂಥದ್ದಲ್ಲ. ನಮ್ಮ ದೇಶದಲ್ಲೂ 2019ರ ಜುಲೈನಲ್ಲಿ ಅಹಮದಾಬಾದಿನ ಕಾಂಕರಿಯಾದಲ್ಲಿ ಲೋಲಕದಂತೆ ತೂಗುವ ಆಟ ಮುರಿದು ಜೀವ ಹೋದವು. ಇವೆರಡನ್ನೂ ನಮ್ಮ ಹುಡುಗರಿಗೆ ವಿಡಿಯೋ ತೋರಿಸಿ ಹೇಳಿದ್ದೇನೆ. ಪೈಪಿನ ತಳದಲ್ಲಿ ನೀರು ಇಳಿದುಹೋಗಲು ಬಿಟ್ಟಿರುವ ತೂತುಗಳನ್ನು ಮಳೆಗಾಲದಲ್ಲಿ ತಂತಿ ಹಾಕಿ ಬಿಡಿಸುತ್ತೇವೆ. ಕಣಜ ಮಣ್ಣಿನ ಗೂಡು ಕಟ್ಟಿ ಅವನ್ನು ಮುಚ್ಚಿಬಿಡುತ್ತದೆ. ದಪ್ಪ ಅಳೆಯುವ ಗೇಜಿನಲ್ಲಿ ಅದೇ ಅದೇ ಜಾಗಗಳನ್ನು ಪ್ರತಿ ವರ್ಷ ಅಳೆದು ಪುಸ್ತಕದಲ್ಲಿ ಬರೆದಿಡುತ್ತೇವೆ. ಒಂದು ವರ್ಷದ ಅಳತೆಯಿಂದ ಏನೂ ತಿಳಿಯುವುದಿಲ್ಲ. ನಾಲ್ಕು ವರ್ಷದ್ದು ಪಕ್ಕಪಕ್ಕ ಇಟ್ಟರೆ ಯಾವ ಪೈಪು ಸೊರಗುತ್ತಿದೆ ಅಂತ ಗೊತ್ತಾಗುತ್ತದೆ.

ಹೊರಗೆ ಚೆನ್ನಾಗಿ ಕಂಡರೂ ಹಳೆಯ ಕಬ್ಬಿಣವನ್ನು ನಂಬಬಾರದು ಅನ್ನುವ ಮಾತನ್ನು ಮಾಲೀಕರಿಗೆ, ನೆಂಟರಿಗೆ ಒಪ್ಪಿಸುವುದು ಮೊದಲು ಕಷ್ಟ ಇತ್ತು. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 19ನೇ ಗೇಟಿನ ಚೈನು ತುಂಡಾಗಿ ಗೇಟೇ ಕೊಚ್ಚಿಹೋಯಿತು. ಇಲ್ಲಿಯ ಪ್ರತಿ ಮನೆಯಲ್ಲೂ ಆ ವಾರ ಅದೇ ಮಾತು. ತುಂಬಿದ ಡ್ಯಾಮಿನ ನೀರು ಹೊಳೆಗೆ ಹೋಗುವುದನ್ನು ನೋಡುತ್ತ ಜನ ಕಣ್ಣೀರು ಹಾಕಿದರು. ಡ್ಯಾಮ್ ಗೇಟಿನ ತಜ್ಞ ಕನ್ನಯ್ಯ ನಾಯ್ಡು ಅವರ ತಂಡ ಹರಿಯುವ ನೀರಿನಲ್ಲೇ ಸ್ಟಾಪ್‌ಲಾಗ್ (ನೀರು ತಡೆಯುವ ಉಕ್ಕಿನ ಹಲಗೆ) ಇಳಿಸಿ ಒಂದು ವಾರದಲ್ಲಿ ನೀರು ನಿಲ್ಲಿಸಿದ್ದನ್ನು ನಾನು ಫೋನಿನಲ್ಲಿ ನಿಮಿಷ ನಿಮಿಷಕ್ಕೂ ನೋಡುತ್ತಿದ್ದೆ. ಇಂಥ ಕೆಲಸಗಾರರಿಗೆ ಕೈ ಮುಗಿಯಬೇಕು. ಅದಾದ ಮೇಲೆ ಚೈನು, ಪಿನ್ನು, ವಯಸ್ಸಾದ ಕಬ್ಬಿಣ ಅಂದರೆ ಏನು ಅಂತ ನಮ್ಮ ಸೀಮೆಯಲ್ಲಿ ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ. ಆ ವರ್ಷವೇ ನಮ್ಮ ಸಾಹುಕಾರರು ಜೈಂಟ್ ವೀಲ್‌ನ ಎಲ್ಲ ತೊಟ್ಟಿಲಿನ ಪಿನ್ನು ಒಟ್ಟಿಗೇ ಬದಲಿಸಲು ಒಪ್ಪಿದರು.

ಜಾತ್ರೆಯ ತೊಟ್ಟಿಲಿನವರ ಬಗ್ಗೆ ಒಂದು ಮಾತು. ಅವರ ಆಟ ಅಪಾಯ, ನಮ್ಮದು ಭದ್ರ ಅಂತ ಪಾರ್ಕಿನವರು ಹೇಳಿಕೊಳ್ಳುವುದುಂಟು. ನನಗೆ ಹಾಗೆ ಅನ್ನಿಸುವುದಿಲ್ಲ. ಗವಿಮಠದ ಜಾತ್ರೆಗೆ ಬರುವ ತೊಟ್ಟಿಲಿನ ಮೇಸ್ತ್ರಿಗಳ ಜೊತೆ ಕೂತು ಚಹಾ ಕುಡಿದು, ಅವರ ಕೆಲಸ ನೋಡಿದ್ದೇನೆ. ಅವರು ಪ್ರತಿ ಊರಿನಲ್ಲೂ ಇಡೀ ಆಟ ಬಿಚ್ಚಿ ಮತ್ತೆ ಕಟ್ಟುತ್ತಾರೆ. ಹಾಗಾಗಿ ಪ್ರತಿ ಪಿನ್ನೂ ವರ್ಷದಲ್ಲಿ ಎಷ್ಟೋ ಸಲ ಯಾರದೋ ಕೈಗೆ ಬರುತ್ತದೆ. ನಮ್ಮದು ಒಂದೇ ಜಾಗದಲ್ಲಿ ನಿಂತದ್ದು. ಬೇಕು ಅಂತ ಬಿಚ್ಚದಿದ್ದರೆ ಹತ್ತು ವರ್ಷ ಒಂದು ಪಿನ್ನನ್ನು ಯಾರೂ ನೋಡದೇ ಇರಬಹುದು. ಅವರಿಗಿರುವ ತೊಂದರೆ ಬೇರೆ. ನೆಲ ಗಟ್ಟಿ ಇಲ್ಲದಿರುವುದು, ಅರ್ಜೆಂಟ್, ನಿದ್ದೆ ಇಲ್ಲದ ಹುಡುಗರು.

ನೆಲದ ಮಾತು ಬಂತು. ನಮ್ಮ ಪಾರ್ಕಿನ ಅರ್ಧ ಭಾಗ ಮಸಾರಿ, ಅಂದರೆ ಕೆಂಪು ಮಣ್ಣು, ಅರ್ಧ ಎರೆ. ಎರೆಮಣ್ಣು ಬೇಸಿಗೆಯಲ್ಲಿ ಕೈ ತೂರುವಷ್ಟು ಬಿರುಕು ಬಿಡುತ್ತದೆ, ಮಳೆ ಬಿದ್ದರೆ ಉಬ್ಬುತ್ತದೆ. ಪುಟಾಣಿ ರೈಲಿನ ಹಳಿ ಹೋಗುವುದು ಎರೆಯ ಮೇಲೆ. ಪ್ರತಿ ವರ್ಷ ಮೊದಲ ದೊಡ್ಡ ಮಳೆಯ ನಂತರ ಒಂದು ತಿರುವಿನಲ್ಲಿ ಹಳಿ ಏಳುತ್ತಿತ್ತು. ಕಲ್ಲು ತುಂಬಿ ತುಂಬಿ ಸಾಕಾಗಿತ್ತು. ಕೊನೆಗೆ ಆ ಭಾಗದ ಎರೆಮಣ್ಣು ಅಗೆದು ತೆಗೆದು, ಗರಸು ತುಂಬಿ, ಎರಡೂ ಪಕ್ಕ ಮಳೆನೀರು ಹರಿದುಹೋಗಲು ಕಾಲುವೆ ಮಾಡಿದೆವು. ನೀರು ಒಳಗೆ ಇಳಿಯದಿದ್ದರೆ ಎರೆ ತಣ್ಣಗಿರುತ್ತದೆ. ಈಗಲೂ ಗಾರೆಯವರು ಬಳಸುವ ನೀರಿನ ಟ್ಯೂಬ್ ಹಿಡಿದು ಎರಡೂ ಹಳಿಯ ಮಟ್ಟ ನೋಡುತ್ತೇವೆ. ಆಟಗಳ ಫೌಂಡೇಶನ್ ಮಟ್ಟವನ್ನೂ ಹಾಗೇ. ದುಬಾರಿ ಯಂತ್ರ ಇಲ್ಲ ಅಂತ ಕೆಲಸ ಬಿಡಬೇಕಾಗಿಲ್ಲ. ಬೇಸಿಗೆಯಲ್ಲಿ ಇನ್ನೊಂದು ಕೆಲಸ ಇದೆ. ನೆಲ ಒಣಗಿದರೆ ಅರ್ಥಿಂಗ್ ಗುಂಡಿಯೂ ಒಣಗುತ್ತದೆ, ಅರ್ಥಿಂಗ್ ಕೆಲಸ ಮಾಡುವುದಿಲ್ಲ. ಗುಂಡಿಗೆ ನೀರು ಹಾಕುತ್ತ ಇರಬೇಕು, ಮೀಟರಿನಲ್ಲಿ ಅಳೆಯಬೇಕು. ನೀರಿನ ಹತ್ತಿರದ ಪ್ರತಿ ಪಂಪು, ಲೈಟಿಗೆ 30 ಮಿಲಿಆಂಪಿಯರಿನ ಇಎಲ್‌ಸಿಬಿ (ಕರೆಂಟ್ ಸೋರಿದರೆ ತಾನೇ ಕಡಿಯುವ ಸ್ವಿಚ್ಚು) ಇರಲೇಬೇಕು. ಟೆಸ್ಟ್ ಬಟನ್ ಒತ್ತಿ ಬೀಳುತ್ತದೋ ಇಲ್ಲವೋ ನೋಡಿದ ಮೇಲೇ ಕೊಳಕ್ಕೆ ಜನ ಇಳಿಸುವುದು.

ಈಗ ನೀರು. ನಮ್ಮ ಪಾರ್ಕಿನಲ್ಲಿ ಜಾಸ್ತಿ ತಲೆ ಹೋಗುವುದು ಇದಕ್ಕೇ. ಏಪ್ರಿಲ್–ಮೇ ತಿಂಗಳಲ್ಲಿ ಇಲ್ಲಿಯ ಬಿಸಿಲು 40 ಡಿಗ್ರಿ ದಾಟುತ್ತದೆ. ಬಿಸಿಗಾಳಿ ಇದ್ದ ದಿನ ಕೊಳದಿಂದ ಹತ್ತಿರ ಹತ್ತಿರ ಒಂದು ಸೆಂಟಿಮೀಟರ್ ನೀರು ಆವಿಯಾಗುತ್ತದೆ. ಸಾವಿರ ಚದರ ಮೀಟರ್ ಕೊಳ ಅಂದರೆ ದಿನಕ್ಕೆ 10,000 ಲೀಟರ್, ಎರಡು ಟ್ಯಾಂಕರ್. ಅದೇ ಹೊತ್ತಿಗೆ ಕಾಲುವೆ ಬಂದ್, ಬೋರಿನ ನೀರು ಕೆಳಗೆ. ಸುತ್ತಲಿನ ಹಳ್ಳಿಗಳಲ್ಲಿ ಕುಡಿಯುವ ನೀರಿಗೆ ಕೊಡ ಹಿಡಿದು ನಿಂತಿರುವಾಗ ನಾವು ಅಲೆ ಎಬ್ಬಿಸುತ್ತ ಕೂರುವುದು ನ್ಯಾಯವಾ ಅನ್ನುವ ಪ್ರಶ್ನೆ ನನ್ನನ್ನು ಬಹಳ ಕಾಡಿದೆ. ಅದಕ್ಕೆ ಉತ್ತರ ಕೆಲಸದಲ್ಲೇ ಕೊಡಬೇಕು. ಅಲೆಯ ಕೊಳದ ಒಂದು ಭಾಗದ ಮೇಲೆ ನೆರಳಿನ ಬಟ್ಟೆ ಕಟ್ಟಿಸಿದೆವು. ಬಿಸಿಲು ಬೀಳದ ಕಡೆ ಆವಿಯೂ ಕಡಿಮೆ, ಕ್ಲೋರಿನ್ ಹಾಳಾಗುವುದೂ ಕಡಿಮೆ. ಮರಳಿನ ಫಿಲ್ಟರ್ ಬ್ಯಾಕ್‌ವಾಶ್ ಮಾಡಿದ, ಅಂದರೆ ಉಲ್ಟಾ ಹರಿಸಿ ತೊಳೆದ, ನೀರು ಮೊದಲು ಚರಂಡಿಗೆ ಹೋಗುತ್ತಿತ್ತು. ಈಗ ಒಂದು ತೊಟ್ಟಿಯಲ್ಲಿ ಬಿಟ್ಟು, ಎರಡು ದಿನ ಬಿಸಿಲಿಗೆ ಕ್ಲೋರಿನ್ ಹೋದ ಮೇಲೆ ಹೊಂಗೆ, ಬೇವಿನ ಗಿಡಗಳಿಗೆ ಹರಿಸುತ್ತೇವೆ. ಗಡಿಯಾರ ನೋಡಿ ಬ್ಯಾಕ್‌ವಾಶ್ ಮಾಡುವುದನ್ನೂ ಬಿಟ್ಟಿದ್ದೇವೆ. ಫಿಲ್ಟರಿನ ಮೇಲಿನ, ಕೆಳಗಿನ ಪ್ರೆಶರ್ ಗೇಜಿನ ವ್ಯತ್ಯಾಸ ಏರಿದಾಗ ಮಾತ್ರ.

ನೀರು ಸ್ವಚ್ಛ ಇದೆ ಅನ್ನುವುದು ಕಣ್ಣಿಗೆ ಕಾಣುವ ವಿಷಯ ಅಲ್ಲ. ತಿಳಿಯಾದ ನೀರಿನಲ್ಲೂ ರೋಗ ಇರಬಹುದು. ಬೆಳಿಗ್ಗೆ ಮತ್ತು ಜನ ಇರುವಾಗ ಎರಡೆರಡು ಗಂಟೆಗೆ ಒಮ್ಮೆ ಕಿಟ್ ಹಿಡಿದು ಹನಿ ಹಾಕಿ ನೋಡುತ್ತೇವೆ. ಕ್ಲೋರಿನ್ 1ರಿಂದ 3 ಪಿಪಿಎಂ (ಹತ್ತು ಲಕ್ಷ ಪಾಲು ನೀರಿಗೆ ಇಷ್ಟು ಪಾಲು), ಪಿಎಚ್ (ನೀರಿನ ಹುಳಿ, ಕ್ಷಾರದ ಅಳತೆ) 7.2ರಿಂದ 7.8ರ ಒಳಗೆ. ಬಹಳ ಜನ ಕ್ಲೋರಿನ್ ಮಾತ್ರ ನೋಡಿ ಪಿಎಚ್ ಬಿಡುತ್ತಾರೆ. ಆದರೆ ಪಿಎಚ್ 7.5 ಇದ್ದಾಗ ಹಾಕಿದ ಕ್ಲೋರಿನ್‌ನಲ್ಲಿ ಅರ್ಧದಷ್ಟು ಚುರುಕಾಗಿ ಕೆಲಸ ಮಾಡುತ್ತದೆ, 8ಕ್ಕೆ ಹೋದರೆ ಕಾಲು ಭಾಗ ಮಾತ್ರ. ನಮ್ಮ ಬೋರಿನ ನೀರು ಗಡಸು, ಬ್ಲೀಚಿಂಗ್ ಪೌಡರ್ ಹಾಕಿದಂತೆಲ್ಲ ಪಿಎಚ್ ಇನ್ನೂ ಏರುತ್ತದೆ, ಪೈಪಿಗೆ ಸುಣ್ಣ ಕಟ್ಟುತ್ತದೆ. ಆಸಿಡ್ ಹಾಕಿ ಇಳಿಸಬೇಕು. ಆಸಿಡನ್ನು ನೀರಿಗೆ ಹಾಕಬೇಕು, ನೀರನ್ನು ಆಸಿಡಿಗೆ ಯಾವತ್ತೂ ಹಾಕಬಾರದು. ಆಸಿಡ್ ಒಂದು ಕೋಣೆ, ಬ್ಲೀಚಿಂಗ್ ಇನ್ನೊಂದು ಕೋಣೆ. ಎರಡೂ ಕಲೆತರೆ ಏಳುವ ಗಾಳಿ ಜೀವ ತೆಗೆಯುತ್ತದೆ. ಇನ್ನು ಕೊಳದ ಹತ್ತಿರ ಘಾಟು ವಾಸನೆ ಬಂದರೆ ಕ್ಲೋರಿನ್ ಜಾಸ್ತಿ ಆಗಿದೆ ಅಂತ ಜನ ತಿಳಿಯುತ್ತಾರೆ. ಬೆವರು, ಮೂತ್ರದ ಜೊತೆ ಸೇರಿ ಕ್ಲೋರಿನ್ ಖರ್ಚಾಗಿದೆ, ಇನ್ನಷ್ಟು ಬೇಕು ಅನ್ನುವುದಕ್ಕೆ ಆ ವಾಸನೆ ಗುರುತು.

ಮೈಲಾರ ಜಾತ್ರೆ ಮುಗಿಸಿ ಬಂದವರ ಮೈಮೇಲೆ ಭಂಡಾರ ಇರುತ್ತದೆ, ಹುಲಿಗಿಯಿಂದ ಬಂದವರ ಹಣೆ ತುಂಬ ಕುಂಕುಮ, ತಲೆಯಲ್ಲಿ ಕೊಬ್ಬರಿ ಎಣ್ಣೆ. ಹಾಗೇ ಇಳಿದರೆ ಮಧ್ಯಾಹ್ನದ ಹೊತ್ತಿಗೆ ಕ್ಲೋರಿನ್ ಖಾಲಿ. ‘ತೊಳೆದುಕೊಂಡು ಬನ್ನಿ’ ಅಂತ ಬೋರ್ಡ್ ಹಾಕಿದರೆ ಯಾರೂ ಓದುವುದಿಲ್ಲ, ದೇವರ ಪ್ರಸಾದ ತೊಳಿ ಅಂದರೆ ಕೆಲವರಿಗೆ ಬೇಸರವೂ ಆಗುತ್ತದೆ. ಅದಕ್ಕೆ ಕೊಳಕ್ಕೆ ಹೋಗುವ ದಾರಿಯನ್ನೇ ಬದಲಿಸಿದೆವು. ಎರಡು ಗೋಡೆ ನಡುವೆ ಮೇಲಿನಿಂದ ಮಳೆಯ ಹಾಗೆ ನೀರು ಬೀಳುವ ಓಣಿ. ಮಕ್ಕಳಿಗೆ ಅದೂ ಒಂದು ಆಟ, ಕುಣಿಯುತ್ತ ದಾಟುತ್ತಾರೆ. ನನ್ನ ಲೆಕ್ಕದಲ್ಲಿ ನಾವು ಹಾಕಿದ ಅತ್ಯುತ್ತಮ ಹೊಸ ಆಟ ಅದೇ. ಹತ್ತಿ ಬಟ್ಟೆಯ ನೂಲು ಪಂಪಿನ ಜಾಲರಿ ಕಟ್ಟುವ ತೊಂದರೆಗೆ ಕಡಿಮೆ ಬಾಡಿಗೆಗೆ ನೈಲಾನ್ ಬಟ್ಟೆ ಇಟ್ಟೆವು.

ಸ್ಲೈಡುಗಳು ಫೈಬರಿನವು. ಬಿಸಿಲಿಗೆ ಮೇಲಿನ ನುಣುಪು ಪದರ ಮಾಸಿ, ಸಣ್ಣ ಬಿರುಕು ಬಿಟ್ಟು, ಒಳಗಿನ ನಾರು ಎದ್ದು ಮೈಗೆ ಚುಚ್ಚುತ್ತದೆ. ಎರಡು ತುಂಡು ಸೇರುವ ಜಾಗದಲ್ಲಿ ಕೆಳಗಿನ ತುಂಡು ಕೂದಲಷ್ಟೂ ಮೇಲೆದ್ದಿರಬಾರದು. ಎದ್ದಿದ್ದರೆ ಜಾರಿ ಬರುವವರ ಬೆನ್ನು, ಹಿಮ್ಮಡಿ ಸೀಳುತ್ತದೆ. ನಾವು ಹಳೆಯ ಮೆತ್ತನೆ ಪಂಚೆ ಒಂದನ್ನು ಒದ್ದೆ ಮಾಡಿ, ಮೇಲಿನಿಂದ ಕೆಳಗಿನವರೆಗೆ ಎಳೆಯುತ್ತ ಬರುತ್ತೇವೆ. ಎಲ್ಲಿ ನೂಲು ಸಿಕ್ಕಿಕೊಳ್ಳುತ್ತದೋ ಅಲ್ಲಿ ಸೀಮೆಸುಣ್ಣದ ಗುರುತು. ಆ ಜಾಗ ಉಜ್ಜಿ, ಜೆಲ್ ಕೋಟ್ (ಮೇಲಿನ ನುಣುಪು ಪದರದ ಲೇಪ) ಹಚ್ಚಿ, ಮತ್ತೆ ಪಂಚೆ ಎಳೆದು ಸಿಕ್ಕದಿದ್ದರೆ ಮಾತ್ರ ನೀರು ಬಿಡುವುದು. ಅಂಗೈಯಲ್ಲಿ ಸವರಿದರೆ ಸಿಗದ್ದು ಪಂಚೆಗೆ ಸಿಗುತ್ತದೆ.

ಬದಲಾವಣೆಗಳಲ್ಲಿ ನನಗೆ ಸಂತೋಷ ಕೊಟ್ಟದ್ದು ಹೆಣ್ಣುಮಕ್ಕಳು ಬರುವುದು ಹೆಚ್ಚಿದ್ದು. 2023ರ ಜೂನ್ 11ರಂದು ಶಕ್ತಿ ಯೋಜನೆ ಶುರುವಾಗಿ ಬಸ್ಸು ಉಚಿತ ಆದ ಮೇಲೆ ಅಕ್ಕ, ತಂಗಿ, ಅತ್ತೆ, ಸೊಸೆ ಅಂತ ಗುಂಪಾಗಿ ಹುಲಿಗಿಗೆ ಬಂದವರು ಇಲ್ಲಿಗೂ ಬರತೊಡಗಿದರು. ಮೊದಲೆಲ್ಲ ಅವರು ಗಂಡಸರ ಚಪ್ಪಲಿ, ಬಟ್ಟೆಗಂಟು ಕಾಯುತ್ತ ಕೂರುತ್ತಿದ್ದರು. ಈಗ ಮಂಗಳವಾರ ಮಧ್ಯಾಹ್ನ ಒಂದು ಕೊಳ ಅವರಿಗೇ ಮೀಸಲು. ಸುತ್ತಲಿನ ಹಳ್ಳಿಯ ಇಬ್ಬರು ಹುಡುಗಿಯರು ಲೈಫ್ ಗಾರ್ಡ್ ತರಬೇತಿ ಪಡೆದು ನಮ್ಮಲ್ಲಿ ಕೆಲಸ ಮಾಡುತ್ತಾರೆ. ಬಾಗಿಲ ಚಿಲಕ ಗಟ್ಟಿ ಇರುವ ಬಟ್ಟೆ ಬದಲಿಸುವ ಕೋಣೆ, ಮಗುವಿಗೆ ಹಾಲು ಕುಡಿಸುವ ಜಾಗ ಮಾಡಿದ್ದೇವೆ. ಒಬ್ಬ ತಾಯಿ ಕಂಕುಳಲ್ಲಿ ಕೂಸು ಹೊತ್ತು ಬಂದು, ‘ಯಣ್ಣಾ, ನೆಳ್ಳಿಲ್ಲೇನ್ರಿ ಇಲ್ಲಿ? ದೊಡ್ಡಾಕಿ ಕಾಲು ಸುಡಾಕತ್ತಾವು’ ಅಂದಿದ್ದು ಇನ್ನೂ ಕಿವಿಯಲ್ಲಿದೆ. ಬರಿಗಾಲಲ್ಲಿ ಓಡುವ ಮಕ್ಕಳಿಗೆ ಶಹಾಬಾದ್ ಕಲ್ಲಿನ ನೆಲ ಕಾದ ಹೆಂಚೇ ಸರಿ. ದಾರಿಗಳಿಗೆ ತೆಂಗಿನ ನಾರಿನ ಚಾಪೆ ಹಾಸಿ ಒದ್ದೆ ಮಾಡುತ್ತೇವೆ. ಕ್ಯೂ ನಿಲ್ಲುವ ಜಾಗಕ್ಕೆಲ್ಲ ಚಪ್ಪರ ಆಗಿದೆ.

ಬಿರುಗಾಳಿ, ಸಿಡಿಲಿನ ವಿಷಯದಲ್ಲಿ ನಾನು ಯಾರ ಮಾತೂ ಕೇಳುವುದಿಲ್ಲ. ಮೇ ತಿಂಗಳ ಸಂಜೆ ಮೋಡ ಕಟ್ಟಿ ಗಾಳಿ ಎದ್ದರೆ ಜೈಂಟ್ ವೀಲ್ ಖಾಲಿ ಮಾಡಬೇಕು. ಗುಡುಗು ಕೇಳಿದರೆ ಕೊಳದಿಂದ ಎಲ್ಲರೂ ಹೊರಗೆ. ಕೊನೆಯ ಗುಡುಗಾಗಿ ಅರ್ಧ ಗಂಟೆವರೆಗೆ ಮತ್ತೆ ಇಳಿಸುವುದಿಲ್ಲ. ಟಿಕೆಟ್ ದುಡ್ಡು ವಾಪಸ್ ಕೇಳಿದರೆ ಕೊಡುತ್ತೇವೆ ಅಥವಾ ಇನ್ನೊಂದು ದಿನಕ್ಕೆ ಚೀಟಿ ಬರೆಯುತ್ತೇವೆ. ಕರೆಂಟ್ ಹೋಗಿ, ಜನರೇಟರೂ ಕೈಕೊಟ್ಟರೆ ವೀಲ್‌ನಲ್ಲಿ ಕೂತವರನ್ನು ಇಳಿಸುವ ತಾಲೀಮು ನಡೆಯುತ್ತದೆ. ಬ್ರೇಕ್ ಸಡಿಲಿಸಿ ಕೈಯಲ್ಲಿ ತಿರುಗಿಸಬೇಕು. ಒಂದೇ ಕಡೆಯವರನ್ನು ಇಳಿಸುತ್ತ ಹೋದರೆ ಭಾರ ಒಂದು ಪಕ್ಕಕ್ಕೆ ಆಗಿ ವೀಲ್ ತಾನೇ ಹೊರಳುತ್ತದೆ. ಇಲ್ಲಿ ಒಂದು ತೊಟ್ಟಿಲು ಇಳಿಸಿದರೆ ಮುಂದಿನದು ಎದುರು ದಿಕ್ಕಿನದು. ಹತ್ತಿಸುವಾಗಲೂ ಇದೇ ಕ್ರಮ. ಮತ್ತೆ, ಜನ ಇರುವಾಗ ವೆಲ್ಡಿಂಗ್ ಇಲ್ಲವೇ ಇಲ್ಲ. 2024ರ ಮೇ ತಿಂಗಳಲ್ಲಿ ರಾಜಕೋಟಿನ ಗೇಮ್ ಝೋನಿನಲ್ಲಿ ಬೆಂಕಿ ಬಿದ್ದು 25ಕ್ಕೂ ಹೆಚ್ಚು ಜನ ಸತ್ತದ್ದು ನೆನಪಿರಬೇಕು. ಅಲ್ಲಿ ವೆಲ್ಡಿಂಗ್ ಕೆಲಸ ನಡೆದಿತ್ತು.

ಮುಂದೇನು? ಪಾರ್ಕಿಂಗ್ ಜಾಗಕ್ಕೆ ಸೋಲಾರ್ ಚಪ್ಪರ ಹಾಕುವ ಮಾತು ನಡೆದಿದೆ. ನಮ್ಮಲ್ಲಿ ಬಿಸಿಲಿಗೆ ಬರ ಇಲ್ಲ, ಪಂಪುಗಳು ಓಡುವುದೂ ಹಗಲಲ್ಲೇ. ಪಂಪುಗಳಿಗೆ ವಿಎಫ್‌ಡಿ (ಮೋಟಾರಿನ ವೇಗ ಹೆಚ್ಚು ಕಡಿಮೆ ಮಾಡುವ ಸಾಧನ) ಹಾಕಿದರೆ ಜನ ಕಡಿಮೆ ಇದ್ದಾಗ ನಿಧಾನಕ್ಕೆ ಓಡಿಸಿ ಕರೆಂಟ್ ಉಳಿಸಬಹುದು. ಮೊದಲು ಒಂದೇ ಪಂಪಿಗೆ ಹಾಕಿ ನೋಡೋಣ ಅಂದಿದ್ದೇನೆ. ಬೇಸಿಗೆಯಲ್ಲಿ ಬೆಳಿಗ್ಗೆ ಹತ್ತಕ್ಕೆ ಗೇಟು ತೆಗೆಯುವ ಪದ್ಧತಿ ಬಿಟ್ಟು, ಸಂಜೆ ನಾಲ್ಕರಿಂದ ರಾತ್ರಿ ಹತ್ತರವರೆಗೆ ನಡೆಸಬೇಕು ಅನ್ನುವುದು ನನ್ನ ಆಸೆ. ರಾತ್ರಿ ಊರಿಗೆ ಬಸ್ಸು ಸಿಗಬೇಕು, ಬೆಳಕು ಚೆನ್ನಾಗಿರಬೇಕು, ಹುಡುಗರಿಗೆ ಎರಡು ಪಾಳಿ ಬೇಕು. ಇವು ಸಣ್ಣ ಮಾತಲ್ಲ, ಆದರೆ ಇಂಥ ಬಿಸಿಲಲ್ಲಿ ಮಧ್ಯಾಹ್ನ ಮಕ್ಕಳನ್ನು ಆಡಿಸುವುದು ಸರಿ ಅಲ್ಲ.

ಇನ್ನೊಂದು ಆಸೆ ಕಿನ್ನಾಳದ್ದು. ಜಿಐ (ಭೌಗೋಳಿಕ ಸೂಚಕ) ಮಾನ್ಯತೆ ಇರುವ ಕಿನ್ನಾಳ ಕಲೆ ನಮ್ಮ ಜಿಲ್ಲೆಯದು. ಹಗುರ ಮರದ ಗೊಂಬೆ, ಹೊಳೆಯುವ ಬಣ್ಣ. ನಮ್ಮ ಮಕ್ಕಳ ಮೆರ್ರಿ ಗೋ ರೌಂಡಿನಲ್ಲಿ ತಿರುಗುವುದು ಮಾತ್ರ ಎಲ್ಲೋ ಮಾಡಿದ ಪ್ಲಾಸ್ಟಿಕ್ ಕುದುರೆ, ಅದೂ ಬಿಸಿಲಿಗೆ ಬಿಳಿಚಿದ್ದು. ಚಿತ್ರಗಾರರ ಮನೆಗೆ ಹೋಗಿ ಕೂತು ಮಾತಾಡಿದ್ದೇವೆ. ಮಳೆ, ಬಿಸಿಲು, ನೂರಾರು ಮಕ್ಕಳ ಕೈಗೆ ಅವರ ಮರದ ಕೆಲಸ ನೇರವಾಗಿ ತಡೆಯುವುದಿಲ್ಲ ಅಂತ ಅವರೇ ಹೇಳಿದರು. ಹಾಗಾಗಿ ಅವರು ಮೂಲ ಗೊಂಬೆ ಕೆತ್ತುವುದು, ಅದರಿಂದ ನಾವು ಫೈಬರ್ ಅಚ್ಚು ತೆಗೆಯುವುದು, ಬಣ್ಣ ಮತ್ತೆ ಅವರದೇ ಕೈಯಿಂದ, ಮೇಲೆ ಬಿಸಿಲು ತಡೆಯುವ ಕೋಟಿಂಗ್. ಪ್ರತಿ ಅಚ್ಚಿಗೂ ಅವರಿಗೆ ದುಡ್ಡು ಹೋಗಬೇಕು ಅಂತ ಮೊದಲೇ ಬರೆದುಕೊಂಡಿದ್ದೇವೆ. ಆನೆ, ನಂದಿ, ಕಾಮಧೇನು, ಗಿಳಿ ಮಾದರಿಗಳು ಆಗುತ್ತಿವೆ. ಕುಷ್ಟಗಿಯ ಮಗು ತನ್ನ ಜಿಲ್ಲೆಯ ಆನೆ ಮೇಲೆ ಕೂತು ತಿರುಗುವುದನ್ನು ನೋಡಬೇಕು ನನಗೆ.

ಹೊಸ ಪಾರ್ಕ್ ಮಾಡುವವರು, ಹಳೆಯದು ನಡೆಸುವವರು ಆಗಾಗ ಫೋನ್ ಮಾಡುತ್ತಾರೆ. ಅವರಿಗೆ ಹೇಳುವುದು ಮೂರೇ. ಆಟ ಕೊಳ್ಳುವಾಗ ಬಿಡಿಭಾಗಗಳ ಪಟ್ಟಿ, ಡ್ರಾಯಿಂಗು, ಟಾರ್ಕ್ ಲೆಕ್ಕ ಕೈಗೆ ಬರದೆ ಪೂರ್ತಿ ದುಡ್ಡು ಕೊಡಬೇಡಿ. ಭಾರತೀಯ ಮಾನಕ ಬ್ಯೂರೋದ ಐಎಸ್ 15475 ಈ ಆಟಗಳ ಸುರಕ್ಷತೆಗೆಂದೇ ಇದೆ, ಅದನ್ನು ತರಿಸಿ ಓದಿ. ಸೆಕೆಂಡ್ ಹ್ಯಾಂಡ್ ಆಟ ಅಗ್ಗಕ್ಕೆ ಸಿಕ್ಕಿತು ಅಂತ ತರುವವರು, ಅದರ ಹಳೆಯ ಲಾಗ್ ಬುಕ್ ಕೇಳಿ. ಪುಸ್ತಕ ಇಲ್ಲ ಅಂದರೆ ಎಲ್ಲ ಪಿನ್ನು, ಬೇರಿಂಗು, ವೆಲ್ಡಿಂಗು ಟೆಸ್ಟ್ ಮಾಡಿಸುವ ಖರ್ಚನ್ನು ಅದರ ಬೆಲೆಗೆ ಸೇರಿಸಿ ನೋಡಿ. ಆಗ ಅಗ್ಗ ಅನ್ನಿಸುವುದಿಲ್ಲ.

ಈ ಮಳೆಗಾಲದಲ್ಲಿ ನಮ್ಮ ಕೊಲಂಬಸ್‌ನ ಮೇಲಿನ ಶಾಫ್ಟ್ ಇಳಿಸುತ್ತೇವೆ. ಕ್ರೇನ್ ಬುಕ್ ಆಗಿದೆ. ಶಾಫ್ಟಿಗೆ ಅಲ್ಟ್ರಾಸಾನಿಕ್ ಟೆಸ್ಟ್, ಎರಡೂ ಕಡೆ ಹೊಸ ಬೇರಿಂಗ್, ತಳಕ್ಕೆ ಹೊಸ ಟೈರು. ರಿಪೋರ್ಟ್ ಬಂದು, ಮರಳಿನ ಚೀಲ ಹೇರಿ ಓಡಿಸಿ ನೋಡುವವರೆಗೆ ಆಟ ಬಂದ್. ದಸರಾ ರಜೆ ಬಂದರೂ ಅಷ್ಟೇ. ಅದನ್ನು ಟಿಕೆಟ್ ಕೌಂಟರಿನ ಬೋರ್ಡಿನಲ್ಲಿ ದೊಡ್ಡ ಅಕ್ಷರದಲ್ಲಿ ಬರೆಸುತ್ತಿದ್ದೇವೆ. ಆಟ ಯಾಕೆ ನಿಂತಿದೆ, ಏನು ಕೆಲಸ ನಡೆದಿದೆ, ಯಾವಾಗ ಶುರು, ಎಲ್ಲ.